ಹೊಸ ಕಪಾಟಿನಿಂದ ಬರುವ ಅನಿಲದ ಅಳತೆ

ಪ್ರಶ್ನೆ: ಹೊಸ ಪ್ಲೈವುಡ್ ಕಪಾಟಿನ ಘಾಟು ಕಣ್ಣುರಿ ತರುತ್ತದೆ. ಅದರಿಂದ ಹೊರಬರುವ ಅನಿಲವನ್ನು ಅಳೆಯುವುದು ಹೇಗೆ?

ಪ್ಲೈವುಡ್‌ನ ಪದರಗಳನ್ನು ಬೆಸೆಯಲು ಬಳಸುವ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಉಳಿದುಕೊಂಡ ಫಾರ್ಮಾಲ್ಡಿಹೈಡ್ ಅನಿಲವು ಕ್ರಮೇಣ ಕೋಣೆಯ ಗಾಳಿಗೆ ಸೇರುತ್ತದೆ. ಗಾಳಿಯ ತೇವಾಂಶವು ಅಂಟನ್ನೇ ಅಷ್ಟಷ್ಟಾಗಿ ಒಡೆಯುವುದರಿಂದ ಈ ಸೋರಿಕೆ ಬಹುಕಾಲ ಮುಂದುವರಿಯುತ್ತದೆ.

ಇದನ್ನು ಅಳೆಯಲು ಹಲಗೆಯ ತುಂಡೊಂದನ್ನು ಗಾಜಿನ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಪರೀಕ್ಷಾ ಪೆಟ್ಟಿಗೆಯಲ್ಲಿಟ್ಟು, ಒಳಗೆ 23 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನೂ ಶೇ. 50ರಷ್ಟು ತೇವಾಂಶವನ್ನೂ ಕಾಯ್ದುಕೊಂಡು, ಶುದ್ಧ ಗಾಳಿಯನ್ನು ಒಂದೇ ವೇಗದಲ್ಲಿ ಹಾಯಿಸಲಾಗುತ್ತದೆ. ಹೊರಬರುವ ಗಾಳಿಯನ್ನು ರಾಸಾಯನಿಕ ಲೇಪಿಸಿದ ಕಣಗಳಿರುವ ಪುಟ್ಟ ಕೊಳವೆಯ ಮೂಲಕ ಎಳೆದಾಗ ಫಾರ್ಮಾಲ್ಡಿಹೈಡ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಅದನ್ನು ದ್ರವದಲ್ಲಿ ತೊಳೆದು ತೆಗೆದು, ಕ್ರೊಮ್ಯಾಟೊಗ್ರಫಿ ಎಂಬ ಬೇರ್ಪಡಿಸುವ ವಿಧಾನದಿಂದ ಪ್ರಮಾಣವನ್ನು ಕಂಡುಕೊಳ್ಳಲಾಗುತ್ತದೆ. ಮೊದಲ ದಿನಗಳ ಘಾಟು ಇಳಿದ ಮೇಲಿನ ಸ್ಥಿತಿಯೇ ಮನೆಯವರಿಗೆ ಹೆಚ್ಚು ಮುಖ್ಯವಾದ್ದರಿಂದ ಯುರೋಪಿನ ಪದ್ಧತಿಯಲ್ಲಿ 28ನೆಯ ದಿನವೂ ಅಳೆಯುತ್ತಾರೆ.

ಪೆಟ್ಟಿಗೆಯ ಅಂಕಿಯಿಂದ ಕೋಣೆಯ ಗಾಳಿಯನ್ನು ಊಹಿಸಲು ಹಲಗೆಯ ಒಟ್ಟು ವಿಸ್ತೀರ್ಣದ ಜೊತೆಗೆ ಗಾಳಿಯಾಟವೂ ಗೊತ್ತಿರಬೇಕು. ಇಂಗಿನ ಒಂದೇ ಚೂರಿನ ಘಾಟು ಮುಚ್ಚಿದ ಡಬ್ಬಿಯಲ್ಲಿ ತುಂಬಿಕೊಂಡು, ಮುಚ್ಚಳ ತೆರೆದಿಟ್ಟಾಗ ಮಂದವಾಗುವಂತೆ, ಅದೇ ಕಪಾಟು ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೆಚ್ಚು ಬಾಧಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ, 30 ನಿಮಿಷಗಳ ಸರಾಸರಿಯಲ್ಲಿ, ಘನ ಮೀಟರ್ ಗಾಳಿಗೆ 0.1 ಮಿಲಿಗ್ರಾಂ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕೃತವಾಗಿರುವುದರಿಂದ ಈ ಮಿತಿಯನ್ನು ಲಘುವಾಗಿ ಕಾಣುವಂತಿಲ್ಲ. ಸೆಕೆಯೂ ತೇವವೂ ಹೆಚ್ಚಿರುವ ಕರಾವಳಿಯ ಮನೆಗಳಲ್ಲಿ ಸೋರಿಕೆ ಪ್ರಯೋಗಾಲಯದ ಅಂಕಿಯನ್ನು ಮೀರಬಲ್ಲದು.