ಮನೆಯ ರಿಪೇರಿಗೆ ಮೇಸ್ತ್ರಿಯನ್ನು ಗೊತ್ತುಮಾಡುವ ಮುನ್ನ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಕಟ್ಟಿದ ಮನೆಯನ್ನು ಬಿಚ್ಚಿ ರಿಪೇರಿ ಮಾಡಿಸುವವನ ಪಾಡನ್ನು ಹೇಳಲು ಗಾದೆ ಮಾಡಿದವರು ಮರೆತರೆಂದು ತೋರುತ್ತದೆ. ಹೊಸಮನೆ ಕಟ್ಟಿಸುವವನು ಕೆಲಸ ತಡವಾದರೆ ಬಾಡಿಗೆಯ ಮನೆಯಲ್ಲಿ ಇನ್ನೂ ಆರು ತಿಂಗಳು ಕಾದಾನು. ರಿಪೇರಿ ಮಾಡಿಸುವವನಾದರೋ ತಾನು ಮಲಗುವ ಕೋಣೆಯ ಸೂರನ್ನೇ ಅನ್ಯನ ಕೈಗೆ ಒಪ್ಪಿಸಿ, ಅದರ ಕೆಳಗೆ ಮಕ್ಕಳುಮರಿಗಳೊಡನೆ ಕುಳಿತಿರುತ್ತಾನೆ. ಆದಕಾರಣ ಕೆಲಸಗಾರನ ಯೋಗ್ಯತೆಯನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಇಲ್ಲಿ ಹೆಚ್ಚು ಅಗತ್ಯ.

ಮಾತು ಬರಿಯ ಉಪದೇಶವಾಗದಂತೆ ಒಂದು ಕೆಲಸವನ್ನೇ ಎದುರಿಗಿಟ್ಟುಕೊಳ್ಳೋಣ. ಮೈಸೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ಮದ್ರಾಸ್ ತಾರಸಿಯ ಮನೆಗಳು ಇನ್ನೂ ಉಳಿದಿವೆ. ತೇಗದ ಜಂತೆಗಳನ್ನು ಹಾಸಿ, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಕಟ್ಟಿ, ಅದರ ಮೇಲೆ ಇಟ್ಟಿಗೆಯ ಜಲ್ಲಿಯನ್ನೂ ಸುಣ್ಣವನ್ನೂ ಬೆರೆಸಿ ಹರಡಿ, ಮರದ ಬಡಿಗೆಗಳಿಂದ ದಿನಗಟ್ಟಲೆ ಬಡಿದು ಗಟ್ಟಿಮಾಡಿದ ಚಾವಣಿ ಅದು. ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಗಾರೆಗೆ ಬೆರೆಸುವ ಪದ್ಧತಿಯೂ ಇತ್ತು. ಇಂತಹ ಚಾವಣಿಯು ಸೋರತೊಡಗಿದಾಗ ಗೃಹಸ್ಥನು ಇಬ್ಬರು ಮೂವರು ಮೇಸ್ತ್ರಿಗಳನ್ನು ಕರೆಸಿ, ತಾನು ಸುಮ್ಮನಿದ್ದು, ಅವರು ಮೊದಲು ಏನನ್ನು ನೋಡುತ್ತಾರೆಂಬುದನ್ನು ಗಮನಿಸಬೇಕು.

ಒಬ್ಬನು ಹಜಾರದಲ್ಲಿಯೇ ನಿಂತು ಕತ್ತೆತ್ತಿ ನೋಡಿ, "ಮೇಲೆ ಎರಡಂಗುಲ ಸಿಮೆಂಟ್ ಎಳೆದುಬಿಟ್ಟರೆ ಆಯಿತು ಸ್ವಾಮಿ" ಎನ್ನುವನು. ಇನ್ನೊಬ್ಬನು ಮಹಡಿಗೆ ಹತ್ತಿ, ಕೈಪಿಡಿ ಗೋಡೆಯು ತಾರಸಿಗೆ ಸೇರುವ ಮೂಲೆಯನ್ನೂ ನೀರು ಹರಿದುಹೋಗುವ ದೋಣಿಯ ಬಾಯನ್ನೂ ಬಿರುಕಿನಲ್ಲಿ ಬೇರುಬಿಟ್ಟ ಅಶ್ವತ್ಥದ ಸಸಿಯನ್ನೂ ನೋಡಿ, ಬಳಿಕ ಕೆಳಗಿಳಿದು ಏಣಿ ಕೇಳಿ, ಜಂತೆಯ ತುದಿಯು ಗೋಡೆಯೊಳಗೆ ಹೋಗುವ ಸ್ಥಳವನ್ನು ಮೊನೆಯಿಂದ ಚುಚ್ಚಿ ನೋಡುವನು. ಮರವು ಮೊದಲು ಕೊಳೆಯುವುದು ತೇವ ಹಿಡಿದ ಆ ತುದಿಯಲ್ಲಿಯೇ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯ ಮೇಲೆ ಎರಡಂಗುಲದ ಸಿಮೆಂಟು ಹಾಕಿದರೆ ಸುಮಾರು 1 ಟನ್ನಿನ ಭಾರವನ್ನು ಆ ಜಂತೆಗಳ ಮೇಲೆ ಹೊರಿಸಿದಂತಾಗುವುದು. ಅಷ್ಟೇ ಅಲ್ಲ, ಸುಣ್ಣವು ಮೃದು, ಸಿಮೆಂಟು ಬಿರುಸು. ಬಿಸಿಲು ಮಳೆಗಳಿಗೆ ಎರಡೂ ಒಂದೇ ಬಗೆಯಲ್ಲಿ ಹಿಗ್ಗಿ ಕುಗ್ಗುವುದಿಲ್ಲವಾಗಿ ಮೇಲ್ಪದರ ಬಿರಿಯುವುದು. ಬಿರುಕಿನಿಂದಿಳಿದ ನೀರು ಮೇಲಕ್ಕೆ ಆರಲಾರದೆ ಮರವನ್ನು ಸೇರುವುದು. ಕೇಳದೆಯೇ ಇದನ್ನು ವಿವರಿಸುವ ಮೇಸ್ತ್ರಿ ಸಿಕ್ಕಿದರೆ ಅವನ ಕೂಲಿ ತುಸು ಹೆಚ್ಚಾದರೂ ಸರಿಯೆಂದೇ ನಮ್ಮ ಮತ.

ಎರಡನೆಯ ಪರೀಕ್ಷೆ, ಅವನು ಹಿಂದೆ ಮಾಡಿದ ಕೆಲಸವನ್ನು ಹೋಗಿ ನೋಡುವುದು. ಹೋದ ತಿಂಗಳು ಮುಗಿದ ಮನೆಯನ್ನು ತೋರಿಸಲು ಎಲ್ಲರೂ ಸಿದ್ಧರೇ. ಹೊಸ ಬಣ್ಣದ ಕೆಳಗೆ ಎಲ್ಲ ಗೋಡೆಗಳೂ ಸುಂದರವೇ. ಎರಡು ಮಳೆಗಾಲಗಳನ್ನು ಕಂಡ ಕೆಲಸವನ್ನು ತೋರಿಸೆಂದು ಕೇಳಬೇಕು. ಅಲ್ಲಿಗೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಬಾರದು. ಸಾಧ್ಯವಾದರೆ ಆ ಮನೆಯ ಯಜಮಾನರಿಗಿಂತ ಯಜಮಾನಿತಿಯನ್ನು ವಿಚಾರಿಸುವುದು ಲೇಸು. ಯಜಮಾನರು ಹಣ ಕೊಟ್ಟವರು, ತಮ್ಮ ಆಯ್ಕೆಯನ್ನು ಸಮರ್ಥಿಸುವ ಸ್ವಭಾವ ಅವರಿಗಿರುತ್ತದೆ. ಮಳೆ ಬಂದಾಗ ಪಾತ್ರೆಯಿಟ್ಟು ಹನಿ ಹಿಡಿಯುವವರು ಆಕೆ. ಹೇಳಿದ ದಿನಕ್ಕೆ ಮುಗಿಸಿದನೇ, ನಡುವೆ ಲೆಕ್ಕ ಬೆಳೆಯಿತೇ, ಹಣವೆಲ್ಲ ಕೈಸೇರಿದ ಮೇಲೆ ಕರೆದಾಗ ಬಂದನೇ, ಎಂದು ಕೇಳಿ ತಿಳಿಯಬೇಕು. ಆಳುಗಳು ಕೂಲಿ ಸಿಗಲಿಲ್ಲವೆಂದು ಮನೆಯ ಬಾಗಿಲಿಗೆ ಬಂದದ್ದುಂಟೇ ಎಂಬುದನ್ನೂ ಮರೆಯದೆ ಕೇಳಬೇಕು. ಆಳುಗಳಿಗೆ ಕೂಲಿ ಕೊಡದವನು ಗೃಹಸ್ಥನಿಗೆ ನ್ಯಾಯವಾಗಿ ನಡೆಯುವನೆಂದು ನಂಬುವುದು ಕಷ್ಟ. ಅವನು ಸಾಮಾನು ತರುವ ಅಂಗಡಿಯವರನ್ನು ಒಂದು ಮಾತು ವಿಚಾರಿಸಿದರೆ ಅರ್ಧ ಚರಿತ್ರೆ ಅಲ್ಲಿಯೇ ದೊರೆಯುವುದು.

ನಮಗೆ ಪರಿಚಿತವಾದ ಒಂದು ಕುಟುಂಬವು ಈ ವಿಚಾರಣೆಯನ್ನು ಮಾಡಲಿಲ್ಲ. ನಿವೃತ್ತರಾದ ಹಿರಿಯರು ತಮಗೆ ಬಂದ ಇಡಿಗಂಟಿನಿಂದ ತಾರಸಿಯನ್ನು ಸರಿಪಡಿಸಹೊರಟು, ಎಲ್ಲರಿಗಿಂತ ಕಡಮೆ ಹೇಳಿದವನಿಗೆ ಒಪ್ಪಿಸಿ, ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟರು. ಏಪ್ರಿಲ್ ಕೊನೆಯಲ್ಲಿ ಚಾವಣಿಯನ್ನು ಬಿಚ್ಚಿದ ಕಂಟ್ರಾಕ್ಟರನು ಬೇರೆಯ ಊರಿನ ದೊಡ್ಡ ಕೆಲಸಕ್ಕೆ ಆಳುಗಳನ್ನು ಕರೆದುಕೊಂಡು ಹೊರಟನು. ಮೇ ತಿಂಗಳ ಗುಡುಗುಮಳೆ ತೆರೆದ ಮನೆಯ ಮೇಲೆ ಸುರಿಯಿತು. ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ರಾತ್ರೋರಾತ್ರಿ ನೆಂಟರ ಮನೆಗೆ ಸಾಗಿಸಬೇಕಾಯಿತು. ಉಳಿದಿದ್ದ ಹಣವು ಬಾಡಿಗೆಗೂ ಟಾರ್ಪಾಲಿಗೂ ಹೋಗಿ, ಚಾವಣಿ ಮುಗಿಯುವ ಹೊತ್ತಿಗೆ ಸೊಸೆಯ ಬಳೆಗಳು ಅಡವಿಗೆ ಹೋಗಿದ್ದವು. ಪಕ್ಕದ ಬೀದಿಯವರು ಬಳಿಕ ಬಂದು, "ನಮ್ಮನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆವಲ್ಲ ರಾಯರೇ" ಎಂದರಂತೆ.

ಅಂದಾಜು ಪಟ್ಟಿಗಳನ್ನು ಹೋಲಿಸುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಒಬ್ಬನು ಕೂಲಿ ಮಾತ್ರ ಹೇಳಿರುತ್ತಾನೆ, ಇನ್ನೊಬ್ಬನು ಸಾಮಾನು ಸಹಿತ. ಒಬ್ಬನ ಚದರದ ದರದಲ್ಲಿ ಮಣ್ಣು ಕಲ್ಲು ಸಾಗಿಸುವ ಖರ್ಚು ಸೇರಿರುತ್ತದೆ, ಇನ್ನೊಬ್ಬನದರಲ್ಲಿ ಇಲ್ಲ. ಕೆಲಸದ ವಿವರವನ್ನು ನಾವೇ ಬರೆದು ಮೂವರಿಗೂ ಒಂದೇ ಪಟ್ಟಿಯನ್ನು ಕೊಟ್ಟು ದರ ತುಂಬಿಸಿದರೆ ಮಾತ್ರ ಹೋಲಿಕೆಗೆ ಅರ್ಥವುಂಟು. ಮೇಸ್ತ್ರಿಯು ತೆರಿಗೆಯನ್ನೂ ಸೇರಿಸಿ ಬಿಲ್ಲು ಕೊಡುವುದಾದರೆ ಅವನ ಜಿಎಸ್‌ಟಿ ಸಂಖ್ಯೆಯನ್ನು ಕೇಳಬೇಕು. ಅದರಲ್ಲಿ 15 ಅಕ್ಷರಾಂಕಗಳಿದ್ದು, ಕರ್ನಾಟಕದ್ದಾದರೆ 29ರಿಂದ ಮೊದಲಾಗುತ್ತದೆ. ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ತಾಳೆನೋಡಬಹುದು. ಚಿಕ್ಕ ಮೇಸ್ತ್ರಿಗೆ ಈ ಸಂಖ್ಯೆ ಇಲ್ಲದಿರುವುದು ದೋಷವಲ್ಲ. ಸಂಖ್ಯೆಯಿಲ್ಲದೆ ತೆರಿಗೆ ವಸೂಲು ಮಾಡುವುದು ದೋಷ.

ಅವನ ತಿಳಿವಳಿಕೆಯನ್ನು ಅಳೆಯಲು ಸಣ್ಣ ಪ್ರಶ್ನೆಗಳು ಸಾಕು. "ಕಾಂಕ್ರೀಟಿಗೆ ಎಷ್ಟು ದಿನ ನೀರು ಹಾಕಿಸುತ್ತೀರಿ?" ಎಂದು ಕೇಳಿ ನೋಡಿ. 2000ದ ಭಾರತೀಯ ಮಾನಕದಂತೆ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತದ್ದಕ್ಕೆ ಕನಿಷ್ಠ 10 ದಿನ. ಸಿಮೆಂಟಿನ ಚೀಲದ ಮೇಲೆ ತಯಾರಾದ ವಾರವೂ ವರ್ಷವೂ ಅಚ್ಚಾಗಿರುತ್ತದೆ. ತಿಂಗಳುಗಟ್ಟಲೆ ಕೂತ ಸಿಮೆಂಟು ಕಸುವು ಕಳೆದುಕೊಂಡಿರುತ್ತದೆ. ಕಬ್ಬಿಣದ ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುವುದು: 12 ಮಿ.ಮೀ. ಸರಳಾದರೆ ಸುಮಾರು 0.89. "ಅದೆಲ್ಲ ನನಗೆ ಬಿಡಿ ಸ್ವಾಮಿ, ನಿಮಗೇಕೆ ಆ ತಲೆನೋವು?" ಎನ್ನುವವನಿಗೆ ಬಿಡದಿರುವುದೇ ಮೇಲು.

ಹಣದ ವಿಷಯದಲ್ಲಿ ಸಂಕೋಚವು ಕೆಲಸಕ್ಕೆ ಬಾರದು. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚಿನ ಮುಂಗಡ ಕೊಡದೆ, ಕೆಲಸ ಸಾಗಿದಷ್ಟಕ್ಕೆ ಹಣವನ್ನು ಕೊಡುತ್ತ, ಕೊನೆಯ ಹತ್ತನೆಯ ಪಾಲನ್ನು ಮೊದಲ ಮಳೆಗಾಲ ಕಳೆಯುವವರೆಗೆ ಇಟ್ಟುಕೊಳ್ಳುವುದಾಗಿ ಮೊದಲೇ ಬರೆದುಕೊಳ್ಳಬೇಕು. ಪ್ರಾಮಾಣಿಕನಾದ ಬಡ ಮೇಸ್ತ್ರಿಗೆ ಸಾಮಾನು ತರಲು ಕೈಯಲ್ಲಿ ಹಣವಿರುವುದಿಲ್ಲವೆಂಬುದು ನಿಜ. ಆಗ ಅಂಗಡಿಗೆ ನಾವೇ ನೇರವಾಗಿ ಹಣ ಕೊಟ್ಟು ರಸೀದಿ ಪಡೆಯಬಹುದು; ಇಬ್ಬರಿಗೂ ಕ್ಷೇಮ.

ಕರಾರು ಪತ್ರವನ್ನು ಕಂಡರೆ "ನಂಬಿಕೆ ಇಲ್ಲವೇ ಸ್ವಾಮಿ?" ಎಂದು ಕೆಲವರು ನೊಂದುಕೊಳ್ಳುವರು. ಪದ್ಧತಿ ಹೊಸದೇನಲ್ಲ. ಹೇಳಿದ ಕಾಲವನ್ನು ಮೀರಿದ ಕುಶಲಕರ್ಮಿಯ ಕೂಲಿಯಲ್ಲಿ ಕಾಲುಭಾಗವನ್ನು ಕಳೆದು, ಅದರ ಇಮ್ಮಡಿ ದಂಡ ವಿಧಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಇದೆ. ನಮ್ಮ ಕಾಲದಲ್ಲಿ ಅಷ್ಟು ಕಾಠಿಣ್ಯ ಬೇಡ. ಕೆಲಸದ ವಿವರ, ಸಾಮಾನಿನ ಜಾತಿ, ಮುಗಿಸುವ ತಾರೀಖು, ಕಂತುಗಳು ಇವಿಷ್ಟನ್ನೂ, ಹೆಚ್ಚಿನ ಕೆಲಸಕ್ಕೆ ಬರೆಹದ ಒಪ್ಪಿಗೆಯಿಲ್ಲದೆ ಹಣವಿಲ್ಲವೆಂಬ ಮಾತನ್ನೂ ಬರೆದು ಇಬ್ಬರೂ ರುಜು ಹಾಕಿದರೆ ಸಾಕು. ಆಮೇಲೂ ಅನ್ಯಾಯವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಎರಡು ವರ್ಷದೊಳಗೆ, ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ವಕೀಲರಿಲ್ಲದೆಯೂ ದೂರು ಕೊಡಬಹುದು. ಅಲ್ಲಿ ಮೊದಲು ಕೇಳುವುದು ಆ ಕಾಗದವನ್ನೂ ರಸೀದಿಗಳನ್ನೂ.

ಇನ್ನು ಕಾಲದ ಮಾತು. ಚಾವಣಿಯ ಕೆಲಸಕ್ಕೆ ಮೇಸ್ತ್ರಿಯನ್ನು ಹುಡುಕುವುದು ಮಳೆ ನಿಂತು ಕಲೆಗಳು ಇನ್ನೂ ಹಸಿಯಾಗಿರುವಾಗ, ಅಂದರೆ ದೀಪಾವಳಿಯ ಸುಮಾರಿಗೆ. ಸಂಕ್ರಾಂತಿ ಕಳೆದು ಕೆಲಸಕ್ಕೆ ಕೈಹಾಕಿದರೆ ಯುಗಾದಿಯ ಹೊತ್ತಿಗೆ ಸುಣ್ಣವು ಆರಲು ಅವಕಾಶವಿರುವುದು. ಬಿಚ್ಚುವ ಮುನ್ನ ಪ್ರತಿ ಕೋಣೆಯ ಚಾವಣಿಯನ್ನೂ ಜಂತೆಯ ತುದಿಗಳನ್ನೂ ಫೋಟೋ ತೆಗೆದಿಡಬೇಕು. ಒಂದು ಬಾರಿಗೆ ಒಂದೇ ಕೋಣೆಯನ್ನು ಬಿಚ್ಚಬೇಕೆಂದು ಕರಾರಿನಲ್ಲಿ ಸೇರಿಸಬೇಕು.