ಹಲ್ಲಿನ ಕಿಟ್ಟವೂ ಡೆಂಟಲ್ ಹೈಜೀನಿಸ್ಟರ ಕೆಲಸವೂ

ಕಿಟ್ಟ ತೆಗೆಯುವ ಸ್ಕೇಲಿಂಗ್ ಮಾಡಿಸಿಕೊಂಡರೆ ಹಲ್ಲು ಸಡಿಲವಾಗುತ್ತದೆಯೇ ಎಂಬ, ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ ಉತ್ತರವು ಹಲ್ಲಿನ ಬುಡದಲ್ಲಿ ಕಟ್ಟುವ ಕಿಟ್ಟದ ಸ್ವಭಾವದಲ್ಲಿಯೇ ಇದೆ. ಹಲ್ಲಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳ ಜಿಗುಟು ಪೊರೆಗೆ ಪ್ಲಾಕ್ ಎಂದು ಹೆಸರು. ಅದನ್ನು ದಿನವೂ ಉಜ್ಜಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಲವಣಗಳು ಅದರೊಳಗೆ ಸೇರಿ ಅದು ಗಟ್ಟಿ ಕಿಟ್ಟವಾಗುತ್ತದೆ. ತೆಲಂಗಾಣದ ಗಡಿಯ ಕೊಡಂಗಲ್ ಮತ್ತು ತಾಂಡೂರು ಸೀಮೆಯವರಿಗೆ ಇದನ್ನು ತಿಳಿಸಲು ತಾಂಡೂರಿನ ಹಾಸುಗಲ್ಲೇ ಸಾಕು. ಪುರಾತನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು ಗಟ್ಟಿಯಾಗಿ ಆ ಕಲ್ಲಾಯಿತು. ಕೆಸರಾಗಿದ್ದಾಗ ಕೈಯಿಂದಲೇ ಬಳಿಯಬಹುದಾಗಿದ್ದುದನ್ನು ಈಗ ಯಂತ್ರವಿಟ್ಟು ಕತ್ತರಿಸಬೇಕು. ಪ್ಲಾಕಿಗೆ ಬ್ರಷ್ ಸಾಕಾದರೂ ಕಿಟ್ಟಕ್ಕೆ ಉಪಕರಣವೂ ಪಳಗಿದ ಕೈಯೂ ಬೇಕಾಗುವುದು ಇದರಿಂದಲೇ. ಕಿಟ್ಟದ ಒರಟು ಮೈಮೇಲೆ ಹೊಸ ಪ್ಲಾಕ್ ಸುಲಭವಾಗಿ ನೆಲೆಗೊಳ್ಳುವುದರಿಂದ ವಸಡು ಊದಿಕೊಂಡು ರಕ್ತ ಒಸರುತ್ತದೆ, ಹಾಗೆಯೇ ಬಿಟ್ಟರೆ ಹಲ್ಲನ್ನು ಹಿಡಿದಿರುವ ಮೂಳೆಯೂ ಕರಗಬಹುದು. ಹಲ್ಲು ಸಡಿಲವಾಗುವುದಕ್ಕೆ ಈ ಸವೆತವೇ ಕಾರಣ. ಕಿಟ್ಟ ಹೋದ ಮೇಲೆ ಸಂದು ಬಯಲಾಗುವುದರಿಂದ ದೂರು ಸ್ಕೇಲಿಂಗಿನ ಮೇಲೆ ಬರುತ್ತದೆ.

ಕಿಟ್ಟ ತೆಗೆಯುವ ಈ ಕೆಲಸಕ್ಕೆ ಡೆಂಟಲ್ ಹೈಜೀನಿಸ್ಟ್ ಎಂಬ ಪ್ರತ್ಯೇಕ ವೃತ್ತಿಯೇ ಬೇಕೆಂದು ಕಂಡುಕೊಂಡವರಲ್ಲಿ ಅಮೆರಿಕದ ಬ್ರಿಜ್‌ಪೋರ್ಟ್ ನಗರದ ದಂತವೈದ್ಯ ಆಲ್ಫ್ರೆಡ್ ಫೋನ್ಸ್ ಪ್ರಮುಖರು. ಅವರು 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಶುಚಿಮಾಡುವ ತರಬೇತಿ ನೀಡಿದರು, 1913ರಲ್ಲಿ ಅದಕ್ಕೆಂದೇ ಶಾಲೆ ತೆರೆದರು. ಅಲ್ಲಿ ಕಲಿತ ಮಹಿಳೆಯರು ಊರಿನ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ಶುಚಿಮಾಡಿ, ಉಜ್ಜುವ ಕ್ರಮವನ್ನೂ ಕಲಿಸಿದರು. ಆ ದಾರಿ ಸರಿಯೆಂಬುದಕ್ಕೆ ಬಲವಾದ ಪುರಾವೆಯನ್ನು ದಂತ ಸಂಶೋಧಕ ಹೆರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದರು: ಆರೋಗ್ಯವಂತ ವಸಡಿನ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದಾಗ ಮೂರು ವಾರಗಳೊಳಗೆ ಎಲ್ಲರ ವಸಡೂ ಊದಿತು, ಮತ್ತೆ ಉಜ್ಜಲು ತೊಡಗಿದಾಗ ಊತ ಇಳಿಯಿತು.

ಭಾರತದಲ್ಲಿ 1948ರ ದಂತವೈದ್ಯರ ಕಾಯ್ದೆಯೇ ಡೆಂಟಲ್ ಹೈಜೀನಿಸ್ಟರನ್ನು ಗುರುತಿಸಿ, ಹಲ್ಲಿನ ಕಿಟ್ಟ ತೆಗೆಯುವುದನ್ನೂ ದಂತಶುಚಿಯ ಬಗ್ಗೆ ತಿಳುವಳಿಕೆ ನೀಡುವುದನ್ನೂ ಅವರ ಕೆಲಸವೆಂದು ಹೇಳಿತು. ಇವೆರಡರಲ್ಲಿ ತಿಳುವಳಿಕೆಯ ಭಾಗ ಜನರ ಮನೆಮಾತಿನಲ್ಲಿ ನಡೆದರೆ ಮಾತ್ರ ಫಲ ಕೊಡುತ್ತದೆ. ಆದ್ದರಿಂದ ಜಹೀರಾಬಾದ್, ನಾರಾಯಣಖೇಡ್, ತಾಂಡೂರುಗಳಂಥ ಗಡಿಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಶಾಲೆಗಳಿಗೂ ತೆಲುಗಿನೊಂದಿಗೆ ಕನ್ನಡ ಬಲ್ಲ ಹೈಜೀನಿಸ್ಟರನ್ನು ನೇಮಿಸುವುದು, ತಂಬಾಕು ಜಗಿಯುವವರ ಬಾಯಲ್ಲಿ ವಾಸಿಯಾಗದ ಹುಣ್ಣಾಗಲಿ ಬಿಳಿ ಮಚ್ಚೆಯಾಗಲಿ ಕಂಡರೆ ಕೂಡಲೇ ವೈದ್ಯರಲ್ಲಿಗೆ ಕಳುಹಿಸುವ ಹೊಣೆಯನ್ನೂ ಅವರಿಗೆ ಒಪ್ಪಿಸುವುದು ಸರ್ಕಾರ ಮಾಡಲೇಬೇಕಾದ ಕೆಲಸ. ಉಜ್ಜುವಾಗ ರಕ್ತ ಕಂಡರೆ ಹಲ್ಲು ಅಲ್ಲಾಡುವವರೆಗೆ ಕಾಯದೆ ಕಿಟ್ಟ ತೆಗೆಸಿಕೊಳ್ಳುವುದು ಓದುಗರ ಕರ್ತವ್ಯ.