ನಮ್ಮ ಲೆಕ್ಕ ನಮಗೆ ಸಿಗಬೇಕು



ಸಂಘದ ಲೆಕ್ಕ ಎಲ್ಲಿ ಬರೀತೀರಿ? ಪುಸ್ತಕದಲ್ಲಿ. ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರು ಎಷ್ಟು ಸಾಲ ಪಡೆದರು, ಎಲ್ಲ ಅದರಲ್ಲಿದೆ. ಬರೆದವರು ಊರು ಬಿಟ್ಟು ಹೋದರೂ ಚಿಂತೆಯಿಲ್ಲ. ಓದು ಬಂದವರು ಯಾರೇ ಆದರೂ ಅದನ್ನು ಓದಬಹುದು. ಬೀದರಿನ ‘ಅ’ ಚಾಮರಾಜನಗರದಲ್ಲೂ ‘ಅ’ನೇ ಅಲ್ಲವೇ?

ಈಗ ಎಷ್ಟೋ ಕಡೆ ಲೆಕ್ಕ ಕಂಪ್ಯೂಟರಿಗೆ ಹೋಗಿದೆ. ಅಲ್ಲೂ ಹೀಗೇನಾ? ಎಲ್ಲ ಸಲವೂ ಅಲ್ಲ.

ನನಗಾದದ್ದು ಹೇಳ್ತೀನಿ. ಮಕ್ಕಳಿಗೆಂದು ಒಂದು ಪಾಠವನ್ನು ಕನ್ನಡದಲ್ಲಿ ಟೈಪ್ ಮಾಡಿದ್ದೆ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಇಲ್ಲ! ಬರೀ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕಿ. ನಾನು ಬಳಸಿದ್ದ ಹಳೆಯ ಫಾಂಟ್ ಅಲ್ಲಿರಲಿಲ್ಲ.

ಕಂಪ್ಯೂಟರು ಅಕ್ಷರವನ್ನು ಸಂಖ್ಯೆಯಾಗಿ ಇಡುತ್ತದೆ. ಹಿಂದೆ ಒಬ್ಬೊಬ್ಬರು ಒಂದೊಂದು ಸಂಖ್ಯೆ ಕೊಡುತ್ತಿದ್ದರು. ಈಗ ಲೋಕಕ್ಕೆಲ್ಲ ಒಂದೇ ಪಟ್ಟಿ ಇದೆ. ಅದರ ಹೆಸರು ಯೂನಿಕೋಡ್. ಅದರ ಮೊದಲ ಪಟ್ಟಿ 1991ರಲ್ಲಿ ಬಂತು. ನಿಮ್ಮ ಮೊಬೈಲಿನ ಕನ್ನಡ ಸಂದೇಶ ಎಲ್ಲರಿಗೂ ಓದಲು ಬರುವುದು ಇದರಿಂದಲೇ.

ಅಕ್ಷರವೇನೋ ಸರಿಹೋಯಿತು. ಆದರೆ ಲೆಕ್ಕವನ್ನು ಕಂಪ್ಯೂಟರು ಒಂದು ಡಬ್ಬಿಯಲ್ಲಿ ಇಟ್ಟ ಹಾಗೆ ಇಡುತ್ತದೆ. ಅದಕ್ಕೆ ಫೈಲ್ ಅಂತಾರೆ. ಕೆಲವು ಫೈಲು ಹೇಗೆ ಕಟ್ಟಿದೆ ಅಂತ ಒಂದೇ ಕಂಪನಿಗೆ ಗೊತ್ತು. ಅದೇ ಕಂಪನಿಯ ತಂತ್ರಾಂಶ ಇದ್ದರೇ ಅದು ಸರಿಯಾಗಿ ತೆರೆಯೋದು. ಕಂಪನಿ ಅದನ್ನು ನಿಲ್ಲಿಸಿಬಿಟ್ಟರೆ? ನಮ್ಮ ಲೆಕ್ಕ ನಮಗೇ ಸಿಗದೆ ಹೋಗಬಹುದು.

ಇನ್ನು ಕೆಲವು ಫೈಲುಗಳನ್ನು ಕಟ್ಟುವ ಬಗೆ ಎಲ್ಲರಿಗೂ ಗೊತ್ತು. ಇದು ಮುಕ್ತ ನಮೂನೆ. ‘ಓಡಿಎಫ್’ ಅಂಥದ್ದು. 2006ರಲ್ಲಿ ಇದು ಅಂತರರಾಷ್ಟ್ರೀಯ ಮಾನದಂಡವಾಯಿತು. ‘ಲಿಬ್ರೆಆಫೀಸ್’ ಎಂಬ ತಂತ್ರಾಂಶದಲ್ಲಿ ಇಂಥ ಫೈಲು ಮಾಡಬಹುದು. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಮುಕ್ತ ಅಂದರೆ ನಮ್ಮ ಲೆಕ್ಕವನ್ನು ಊರೆಲ್ಲ ನೋಡುತ್ತೆ ಅಂತಲ್ಲ. ಪಾಸ್‌ವರ್ಡ್ ಇಟ್ಟು ಬೀಗ ಹಾಕಬಹುದು. ಬೀಗದ ಕೈ ಮಾತ್ರ ನಮ್ಮ ಹತ್ತಿರ ಇರುತ್ತದೆ.

ಕಂಪ್ಯೂಟರನ್ನೇ ನಡೆಸುವ ಮೂಲ ತಂತ್ರಾಂಶದಲ್ಲೂ ಹೀಗೆ ಎಲ್ಲರಿಗೂ ಸೇರಿದ್ದು ಇದೆ. ಅದು ಲಿನಕ್ಸ್. 1991ರಲ್ಲಿ ಫಿನ್ಲೆಂಡ್ ದೇಶದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಇದನ್ನು ಶುರು ಮಾಡಿದ. ಸಾರು ಮಾಡುವ ಬಗೆ ನೆರೆಯವರಿಗೆ ಹೇಳಿಕೊಟ್ಟ ಹಾಗೆ, ತಾನು ಬರೆದದ್ದನ್ನು ಎಲ್ಲರ ಮುಂದಿಟ್ಟ. ಸಾವಿರಾರು ಜನ ತಿದ್ದಿದರು, ಬೆಳೆಸಿದರು. ಆಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸ್ ಇದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್ ಕಂಪ್ಯೂಟರಿನಲ್ಲೇ ಕಲಿಯುತ್ತಾರೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ಆಗ ಹಳೆಯ ಕಂಪ್ಯೂಟರನ್ನು ಬಿಸಾಡದೆ ಲಿನಕ್ಸ್ ಹಾಕಿಕೊಂಡವರೂ ಇದ್ದಾರೆ.

ತೊಡಕು ಇಲ್ಲವೇ? ಇದೆ. ಕೆಲವು ಪ್ರಿಂಟರು, ಕೆಲವು ತಂತ್ರಾಂಶ ಇದರಲ್ಲಿ ನಡೆಯೋದಿಲ್ಲ. ಹೊಸದನ್ನು ಕಲಿಯಲು ಸ್ವಲ್ಪ ದಿನ ಬೇಕು. ನೀವು ಅಕ್ಷರ ಕಲಿತಿಲ್ಲವೇ? ಹಾಗೇ ಇದು.

ಸಂಘದ ಲೆಕ್ಕ ಕಂಪ್ಯೂಟರಿಗೆ ಹಾಕಿಸುವಾಗ ಈ ಮೂರು ಮಾತು ಕೇಳಿ:

1. ಕನ್ನಡ ಯೂನಿಕೋಡಿನಲ್ಲಿ ಇದೆಯೇ?
2. ಈ ಫೈಲು ಬೇರೆ ಕಂಪ್ಯೂಟರಿನಲ್ಲೂ ತೆರೆಯುತ್ತದೆಯೇ?
3. ಅದರ ಒಂದು ಪ್ರತಿ ನಮ್ಮ ಕೈಗೆ ಕೊಡುತ್ತೀರಾ?

ಕೇಳಲು ಸಂಕೋಚ ಬೇಡ. ಉಳಿಸಿದ ದುಡ್ಡು ನಿಮ್ಮದು. ಅದರ ಲೆಕ್ಕವೂ ನಿಮ್ಮದೇ.